ಹಿತ್ತಲಿಗೊಂದು ಕಬ್ಬಿಣದ ಅಗ್ಗಿಷ್ಟಿಕೆ: ಎರಡನೆಯ ಸಲ ಮಾಡಿದ್ದು

ನಾನು ಮೊದಲು ಮಾಡಿದ ಅಗ್ಗಿಷ್ಟಿಕೆ ಮೂರನೆಯ ಬೆಂಕಿಗೇ ಕೆಟ್ಟುಹೋಯಿತು. ಕೈಗೆ ಸಿಕ್ಕಿದ 1.5 ಮಿ.ಮೀ. ದಪ್ಪದ ತಗಡನ್ನು ಪೆಟ್ಟಿಗೆಯಂತೆ ಜೋಡಿಸಿ, ತಳದ ನಾಲ್ಕೂ ಅಂಚುಗಳನ್ನು ಎಳ್ಳಷ್ಟೂ ಸಂದು ಬಿಡದೆ ವೆಲ್ಡ್ ಮಾಡಿ, ನೀರು ತುಂಬಿಸಿದರೂ ಸೋರದಷ್ಟು ಭದ್ರವಾಗಿದೆಯೆಂದು ಬೀಗಿದ್ದೆ. ಆ ಭದ್ರತೆಯೇ ಮುಳುವಾಯಿತು. ತಳ ಕೆಳಮುಖವಾಗಿ ಉಬ್ಬಿತು, ಒಂದು ಮೂಲೆಯ ಬೆಸುಗೆ ಸೀಳಿತು, ಉಬ್ಬಿನ ತಗ್ಗಿನಲ್ಲಿ ಮಳೆನೀರು ನಿಂತು ಬೂದಿಯೊಡನೆ ಕೆಸರಾಗಿ ತಗಡನ್ನು ತಿನ್ನತೊಡಗಿತು.

ಕಾರಣ ಸರಳವಾದದ್ದು. ಉಕ್ಕಿನ ಒಂದು ಮೀಟರ್ ಉದ್ದದ ಪಟ್ಟಿ ನೂರು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ, ಆ ಲೆಕ್ಕದಲ್ಲಿ 60 ಸೆಂ.ಮೀ. ಅಗಲದ ತಳ ನಾನೂರು ಡಿಗ್ರಿಯಷ್ಟು ಕಾದಾಗ ಹೆಚ್ಚುಕಡಿಮೆ 3 ಮಿ.ಮೀ. ಬೆಳೆಯುತ್ತದೆ. ಕೆಂಡದ ಕೆಳಗಿರುವ ನಡುಭಾಗ ಹೀಗೆ ಹಿಗ್ಗುತ್ತಿರುವಾಗ ಅಷ್ಟು ಕಾಯದ ಗೋಡೆಗಳು ಅದರ ಅಂಚನ್ನು ಬಿಗಿಹಿಡಿದಿದ್ದರೆ, ಅದು ಉಬ್ಬದೆ ಬೇರೆ ದಾರಿಯಿಲ್ಲ. ಆದ್ದರಿಂದ ಎರಡನೆಯ ಸಲ ನಾನು ಎಲ್ಲಿ ವೆಲ್ಡ್ ಮಾಡಬೇಕು ಎಂಬುದಕ್ಕಿಂತ ಎಲ್ಲಿ ಮಾಡಬಾರದು ಎಂಬುದನ್ನೇ ಮೊದಲು ತೀರ್ಮಾನಿಸಿಕೊಂಡೆ.

ದುಂಡಗಿನ ಆಕಾರ ನೋಡಲು ಚೆಂದ. ಆದರೆ ದಪ್ಪ ತಗಡನ್ನು ಸಮವಾಗಿ ಬಾಗಿಸಲು ರೋಲಿಂಗ್ ಯಂತ್ರ ಬೇಕು, ಅದು ನನ್ನಲ್ಲಿರಲಿಲ್ಲ. ಹಾಗಾಗಿ ಆರು ಮುಖದ ಆಕಾರವನ್ನು ಆರಿಸಿಕೊಂಡೆ. 4 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತಗಡಿನಲ್ಲಿ 34 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ಆರು ತುಂಡುಗಳನ್ನು ಕತ್ತರಿಸಿದೆ. ಇವನ್ನು ಜೋಡಿಸಿದಾಗ ಮೂಲೆಯಿಂದ ಮೂಲೆಗೆ 68 ಸೆಂ.ಮೀ., ಮುಖದಿಂದ ಮುಖಕ್ಕೆ ಸುಮಾರು 59 ಸೆಂ.ಮೀ. ಬರುತ್ತದೆ. ಗೋಡೆಗಳ ತೂಕವೇ 22 ಕಿಲೋ ದಾಟುವುದರಿಂದ, ಎತ್ತಿ ಓಡಾಡಿಸುವ ಯೋಚನೆಯಿದ್ದವರು 3 ಮಿ.ಮೀ.ಗೆ ಇಳಿಯಬಹುದು, ಅದಕ್ಕಿಂತ ತೆಳುವಾದದ್ದನ್ನು ನಾನಂತೂ ಮತ್ತೆ ಮುಟ್ಟುವುದಿಲ್ಲ.

ಕಾಲುಗಳಿಗೆ L ಆಕಾರದ ಕಬ್ಬಿಣದ ಪಟ್ಟಿಯ, ಅಂದರೆ ಹಳೆಯ ಆ್ಯಂಗಲ್ ತುಂಡುಗಳಿದ್ದವು. ಒಂದಕ್ಕೆ ಎಲೆಕ್ಟ್ರೋಡ್ (ವೆಲ್ಡಿಂಗ್ ಕಡ್ಡಿ) ತಾಗಿಸಿದೊಡನೆ ದಟ್ಟ ಬಿಳಿ ಹೊಗೆ ಎದ್ದಿತು: ಅದು ಸತು ಲೇಪಿಸಿದ ಕಬ್ಬಿಣ. ಸತು ಸುಮಾರು 420 ಡಿಗ್ರಿಗೆ ಕರಗಿ, 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ಕೂಡಲೇ ನಿಲ್ಲಿಸಿ, ಆ ತುಂಡುಗಳನ್ನು ಬದಿಗಿಟ್ಟು ಲೇಪವಿಲ್ಲದ ಕಬ್ಬಿಣವನ್ನೇ ತಂದೆ. ಹಳೆಯ ಡ್ರಮ್ಮನ್ನು ಕತ್ತರಿಸಿ ಅಗ್ಗಿಷ್ಟಿಕೆ ಮಾಡಲು ಹೊರಡುವವರೂ ಇದ್ದಾರೆ. ಒಳಗೆ ಉಳಿದ ಎಣ್ಣೆ ಅಥವಾ ದ್ರಾವಕದ ಆವಿ ಲೋಹ ಕತ್ತರಿಸುವ ಗ್ರೈಂಡರಿನ ಕಿಡಿಗೆ ಸ್ಫೋಟಿಸಬಲ್ಲದಾದ್ದರಿಂದ ಆ ಸಾಹಸ ನನಗೆ ಬೇಡವೆನಿಸಿತು.

ಜೋಡಿಸುವಾಗ 120 ಡಿಗ್ರಿ ಕೋನದ ಮರದ ಅಚ್ಚೊಂದನ್ನು ಕತ್ತರಿಸಿಕೊಂಡು, ಅದನ್ನು ಪ್ರತಿ ಮೂಲೆಯ ಒಳಗಿಟ್ಟು ಕ್ಲಾಂಪಿನಿಂದ ಬಿಗಿದು, ಮೇಲೊಂದು ಕೆಳಗೊಂದು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕೆಯಷ್ಟು ಬೆಸುಗೆ) ಮಾತ್ರ ಹಾಕಿದೆ. ಆರೂ ಮೂಲೆಗಳು ನಿಂತ ಮೇಲೆ ಎದುರುಬದುರಿನ ಮೂಲೆಗಳ ನಡುವಣ ಮೂರು ಅಳತೆಗಳನ್ನು ತೆಗೆದೆ. ಒಂದು 8 ಮಿ.ಮೀ. ಹೆಚ್ಚಿತ್ತು. ಟ್ಯಾಕ್ ಮಾತ್ರವೇ ಇದ್ದುದರಿಂದ ಸುತ್ತಿಗೆಯ ನಾಲ್ಕು ಏಟಿಗೆ ಅದು ಸರಿಹೋಯಿತು. ಪೂರ್ತಿ ಬೆಸುಗೆಯನ್ನು ಒಂದೇ ಬದಿಯಿಂದ ಓಡಿಸಿದರೆ ಇಡೀ ಆಕಾರ ಸೆಳೆದುಕೊಳ್ಳುತ್ತದೆಂದು, ಒಂದು ಮೂಲೆಯಲ್ಲಿ 5 ಸೆಂ.ಮೀ. ಹಾಕಿ, ನಂತರ ಅದರ ಎದುರಿನ ಮೂಲೆಗೆ ಹೋಗಿ, ಹೀಗೆ ಸುತ್ತುತ್ತಾ ಮುಗಿಸಿದೆ. ಬೇಸರ ತರಿಸುವ ಕೆಲಸ ನಿಜ, ಆದರೆ ಫಲಿತಾಂಶ ನೇರವಾಗಿ ನಿಂತಿತು.

ತಳವನ್ನು ಎಲ್ಲಿಯೂ ವೆಲ್ಡ್ ಮಾಡಲಿಲ್ಲ. ಪ್ರತಿ ಗೋಡೆಯ ಒಳಬದಿಯ ಕೆಳತುದಿಯಲ್ಲಿ ಆ್ಯಂಗಲಿನ ಒಂದೊಂದು ಚಿಕ್ಕ ತುಂಡನ್ನು ಕೂರಿಸಿ, ಆರು ಮುಖದ ತಟ್ಟೆಯನ್ನು ಅದರ ಮೇಲೆ ಸುಮ್ಮನೆ ಇಟ್ಟೆ. ಸುತ್ತಲೂ 5 ಮಿ.ಮೀ. ಸಂದು ಇದೆ, ಹಿಗ್ಗಲು ಅಷ್ಟು ಧಾರಾಳವಾಗಿ ಸಾಕು, ಮಳೆನೀರೂ ಅಲ್ಲೇ ಇಳಿದುಹೋಗುತ್ತದೆ. ತಳಕ್ಕಿಂತ 7 ಸೆಂ.ಮೀ. ಮೇಲೆ, ಬೇಕೆಂದಾಗ ಎತ್ತಿ ತೆಗೆಯಬಹುದಾದ ಜಾಲರಿಯಿದೆ: ಎರಡು ಅಡ್ಡಪಟ್ಟಿಗಳ ಮೇಲೆ 3 ಸೆಂ.ಮೀ.ಗೊಂದರಂತೆ 12 ಮಿ.ಮೀ. ಸರಳುಗಳು. ಗಾಳಿಗಾಗಿ ಪ್ರತಿ ಮುಖದಲ್ಲೂ 25 ಮಿ.ಮೀ.ನ ಎರಡೆರಡು ರಂಧ್ರಗಳನ್ನು ಜಾಲರಿಗಿಂತ ಕೆಳಗೆ ಕೊರೆದೆ. ಮೊದಲನೆಯದರಲ್ಲಿ ನಾನು ರಂಧ್ರಗಳನ್ನು ಅಂದಕ್ಕೆಂದು ಗೋಡೆಯ ನಡುವೆ ಕೊರೆದಿದ್ದೆ. ಕೆಂಡಕ್ಕೆ ಕೆಳಗಿನಿಂದ ಉಸಿರಿಲ್ಲದೆ ಬೆಂಕಿ ಸದಾ ಹೊಗೆಯಾಡುತ್ತಿತ್ತು. ಈಗ ಬೂದಿ ಜಾಲರಿಯಿಂದ ಕೆಳಗುದುರುತ್ತದೆ, ಗಾಳಿ ಅಡಿಯಿಂದ ನುಗ್ಗುತ್ತದೆ. ಬೂದಿ ರಂಧ್ರಗಳ ಮಟ್ಟಕ್ಕೆ ಏರುವ ಮುನ್ನ ತೆಗೆಯುವುದನ್ನು ಮಾತ್ರ ಮರೆಯಬಾರದು.

ಹೊರಮೈಗೆ 600 ಡಿಗ್ರಿ ತಾಳುವ ಸಿಲಿಕೋನ್ ಬಣ್ಣ ಬಳಿದೆ. ಒಳಮೈಗೆ ಬಣ್ಣ ಬಳಿಯುವುದು ಹಣದ ದಂಡ.

ಇರಿಸಿದ ಜಾಗ ಮನೆಯ ಗೋಡೆಯಿಂದಲೂ ಬೇಲಿಯಿಂದಲೂ 3 ಮೀಟರಿಗಿಂತ ದೂರದಲ್ಲಿದೆ, ಮೇಲೆ ಕೊಂಬೆಗಳಿಲ್ಲ. ನೆಲವನ್ನು 10 ಸೆಂ.ಮೀ. ಅಗೆದು ಒಣಜಲ್ಲಿ ತುಂಬಿದ್ದೇನೆ, 15 ಸೆಂ.ಮೀ. ಎತ್ತರದ ಕಾಲುಗಳು ಅದರ ಮೇಲೆ ನಿಂತಿವೆ. ನೀರು ಹೀರಿಕೊಂಡ ಹೊಳೆಗಲ್ಲುಗಳನ್ನು ಬೆಂಕಿಯ ಸುತ್ತ ಜೋಡಿಸಬಾರದು, ಏಕೆಂದರೆ ಒಳಗಿನ ನೀರು ಆವಿಯಾದಾಗ ಅವು ಸಿಡಿಯಬಲ್ಲವು.

ಮೊದಲ ದಿನ ಸಣ್ಣ ಪುಳ್ಳೆಗಳಿಂದ ಅರ್ಧ ಗಂಟೆ ಮಾತ್ರ ಉರಿಸಿ ಪೂರ್ತಿ ತಣ್ಣಗಾಗಲು ಬಿಟ್ಟೆ, ಮರುದಿನ ಇನ್ನಷ್ಟು ಹೆಚ್ಚಿಸಿದೆ. ಬಣ್ಣ ಹೀಗೆ ಹಂತಹಂತವಾಗಿ ಕಾದರೇ ಕಚ್ಚಿಕೊಳ್ಳುತ್ತದೆ. ಬೆಂಕಿ ಏರುವಾಗ ತಳದ ತಟ್ಟೆ ಒಂದೆರಡು ಸಲ ಟಣ್ಣೆಂದಿತು. ಮೊದಲನೆಯದರ ಅನುಭವದಿಂದ ಎದೆ ಝಲ್ಲೆಂದರೂ, ಅದು ಹಿಗ್ಗಿ ತನ್ನ ಜಾಗ ಸರಿಪಡಿಸಿಕೊಳ್ಳುವ ಸದ್ದಷ್ಟೇ ಆಗಿತ್ತು. ಆರಿಸುವಾಗ ಕಾದ ಲೋಹಕ್ಕೆ ನೀರು ಸುರಿಯುವುದಿಲ್ಲ. ತಟ್ಟೆ ಸೊಟ್ಟಗಾಗುತ್ತದೆ, ಮೇಲೇಳುವ ಹಬೆ ಕೈ ಸುಡುತ್ತದೆ. ಕೆಂಡವನ್ನು ಹರಡಿ, ತಾನಾಗಿ ನಂದುವವರೆಗೆ ಬಳಿಯಲ್ಲೇ ಇರುತ್ತೇನೆ. ಬೂದಿಯೊಳಗೆ ಮುಚ್ಚಿಕೊಂಡ ಕೆಂಡ ಮರುದಿನವೂ ಜೀವಂತವಾಗಿರಬಹುದಾದ್ದರಿಂದ ಬೂದಿ ಹೋಗುವುದು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ಮಾತ್ರ.

ಎರಡು ವರ್ಷ ಕಳೆದಿವೆ. ಮೇಲಂಚಿನ ಬಣ್ಣ ಬೂದುಬಣ್ಣಕ್ಕೆ ತಿರುಗಿದೆ, ಒಳಗೆಲ್ಲ ತುಕ್ಕಿನ ತೆಳು ಪದರವಿದೆ, ಬೆಸುಗೆಗಳು ಮಾತ್ರ ಹಾಕಿದ ಹಾಗೆಯೇ ಇವೆ. ತಳದ ತಟ್ಟೆ ನಡುವೆ ಕೊಂಚ ಕುಸಿಯುತ್ತದೆ. ಬೂದಿ ತೆಗೆಯುವ ದಿನ ಅದನ್ನು ಹೊರತೆಗೆದು ಕೆರೆದು, ಮಗುಚಿ ಹಾಕುತ್ತೇನೆ. ಆಗ ಉಬ್ಬು ಮೇಲಾಗಿ, ನೀರು ನಡುವೆ ನಿಲ್ಲದೆ ಅಂಚಿನ ಸಂದಿಗೆ ಹರಿಯುತ್ತದೆ.