ನಳ್ಳಿ ಬಿದ್ದರೆ ಫೋಟೊ ತೆಗೆಯುವುದು ಹೇಗೆ? ಮೊಬೈಲ್ ಹಿಡಿದು ತೋಟ ಕಲಿಯುವ ಬಗೆ

ಬೆಳಗ್ಗೆ ಆರೂವರೆಗೆ ನಮ್ಮ ಕೃಷಿಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫೋಟೊ ಬಂತು. ಅಂಗೈಯಲ್ಲಿ ನಾಲ್ಕು ನಳ್ಳಿ (ಅಡಿಕೆಯ ಎಳೆಗಾಯಿ), ಹಿಂದೆ ಲುಂಗಿಯ ಚೌಕಳಿ, ಅರ್ಧ ಮಸುಕು. ಕೆಳಗೆ ಒಂದೇ ಸಾಲು: "ನಳ್ಳಿ ಬೀಳ್ತಾ ಉಂಟು, ಏನು ಮದ್ದು ಬಿಡುದು?" ನಾನು ಚಾ ಕುಡಿದು ಮುಗಿಸುವಷ್ಟರಲ್ಲಿ ಹನ್ನೊಂದು ಉತ್ತರ. ಒಬ್ಬರು ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಅಂದರು, ಒಬ್ಬರು ಬೋರಾನ್, ಮತ್ತೊಬ್ಬರು ತಿಗಣೆ ಮದ್ದು, ಇನ್ನೊಬ್ಬರು ಗೋಮೂತ್ರ. ಕಾರ್ಕಳದ ಕಡೆಯವರೊಬ್ಬರು "ನಮ್ಮಲ್ಲೂ ಹಾಗೇ" ಎಂದು ಬರೆದು ಕೈಮುಗಿದರು. ಎಷ್ಟು ಮರದಲ್ಲಿ, ಯಾವಾಗಿನಿಂದ, ನೀರು ಕೊಟ್ಟು ಎಷ್ಟು ದಿನವಾಯಿತು ಎಂದು ಕೇಳಿದವರು ಒಬ್ಬರೂ ಇಲ್ಲ.

ಉತ್ತರ ಕೊಟ್ಟವರನ್ನು ದೂರಿ ಪ್ರಯೋಜನವಿಲ್ಲ. ಆ ಫೋಟೊ ನೋಡಿ ಅದಕ್ಕಿಂತ ಹೆಚ್ಚು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಕರಾವಳಿಯಲ್ಲಿ ರೈತರು ರೈತರಿಂದ ಕಲಿಯುವುದು ಹೊಸತೇನಲ್ಲ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯಲ್ಲಿ ಕೃಷಿಕರ ಕೈಗೇ ಪೆನ್ನು ಕೊಟ್ಟಿದ್ದರು. ಆಗ ತಿಂಗಳಿಗೊಮ್ಮೆ ಬರುತ್ತಿದ್ದ ಮಾಹಿತಿ ಈಗ ನಿಮಿಷಕ್ಕೊಮ್ಮೆ ಬರುತ್ತದೆ. ಗುಜರಾತಿನಲ್ಲಿ ಹತ್ತಿ ಬೆಳೆಗಾರರಿಗೆ ಅವರದೇ ಭಾಷೆಯಲ್ಲಿ, ಮಾಮೂಲಿ ಫೋನಿನಲ್ಲೇ ಸಲಹೆ ಕೇಳಿಸಿ, ಪ್ರಶ್ನೆ ಕೇಳಲೂ ಅವಕಾಶ ಕೊಟ್ಟು ಅಧ್ಯಯನ ಮಾಡಿದ್ದರು. ರೈತರು ಕೀಟನಾಶಕ ಆರಿಸುವ ರೀತಿಯೇ ಬದಲಾಯಿತು. ಅಂದರೆ ಫೋನಿನ ಮಾತು ತೋಟದವರೆಗೆ ಇಳಿಯುತ್ತದೆ. ಹಾಗೆ ಇಳಿಯುವುದರಿಂದಲೇ ಹೆದರಿಕೆಯೂ ಉಂಟು. ಒಂದೂವರೆ ಎಕರೆ ತೋಟದವನಿಗೆ ಒಂದು ಸಲ ತಪ್ಪು ಮದ್ದು ಬಿಟ್ಟರೆ ಮದ್ದಿನ ದುಡ್ಡು, ಮರ ಹತ್ತುವವರ ಸಂಬಳ, ಜೊತೆಗೆ ಆ ವರ್ಷದ ಅಡಿಕೆ, ಮೂರೂ ಹೋಗುತ್ತವೆ.

ಮೊದಲು ಕತ್ತಿ, ಆಮೇಲೆ ಕ್ಯಾಮೆರಾ

ಬಿದ್ದ ನಳ್ಳಿಯನ್ನು ಹೆಕ್ಕಿ ಕೂಡಲೇ ಫೋಟೊ ಹೊಡೆಯಬೇಡಿ. ಹತ್ತು ನಳ್ಳಿ ತಂದು ಜಗಲಿಯಲ್ಲಿ ಸಾಲಾಗಿ ಇಡಿ, ಒಂದೊಂದನ್ನೇ ತಿರುಗಿಸಿ ನೋಡಿ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಕಲೆ ಇದ್ದು, ಸೀಳಿದಾಗ ಒಳಗೆ ಕಂದು ಬಣ್ಣ ತಿರುಗಿದ್ದರೆ ತಿಗಣೆ ರಸ ಹೀರಿದ್ದು. ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಡು ಹಸಿರು ಕಲೆ ಹರಡಿ, ಕಾಯಿ ಹೊಳಪು ಕಳೆದುಕೊಂಡು, ಎರಡು ದಿನ ಬಿಟ್ಟರೆ ಬಿಳಿ ಬೂಷ್ಟು ಬಂದರೆ ಅದು ಕೊಳೆರೋಗ. ಎರಡೂ ಅಲ್ಲದಿದ್ದರೆ ತಲೆ ಎತ್ತಿ ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು ನೋಡಿ. ತುದಿಯಿಂದ ಒಣಗುತ್ತಾ ಬಂದಿದ್ದರೆ ಅದು ಸಿಂಗಾರ ಒಣಗುವ ರೋಗ, ಅದರದು ಬೇರೆಯೇ ದಾರಿ. ಇದ್ಯಾವುದೂ ಇಲ್ಲ, ಬೇಸಿಗೆಯಲ್ಲಿ ನೀರು ಸಾಲದೆ ಬಿದ್ದದ್ದು ಎಂದಾದರೆ ಅಂಗಡಿಗೆ ಹೋಗುವ ಖರ್ಚು ಉಳಿಯಿತು.

ಈಗ ಮೊಬೈಲ್ ತೆಗೆಯಿರಿ. ಲೆನ್ಸನ್ನು ಬನಿಯನ್ನಿನ ಅಂಚಿನಲ್ಲಿ ಒರೆಸಿ. (ನಗಬೇಡಿ, ಗ್ರೂಪಿಗೆ ಬರುವ ಅರ್ಧಕ್ಕರ್ಧ ಫೋಟೊ ಮಸುಕಾಗುವುದು ಅಡಿಕೆಯ ಚೊಗರು ಹತ್ತಿದ ಲೆನ್ಸಿನಿಂದ.) ಮೂರು ಫೋಟೊ ಬೇಕು. ಒಂದು, ಬುಡದಿಂದ ಸೋಗೆಯವರೆಗೆ ಇಡೀ ಮರ. ಎರಡು, ಗೊನೆ ಅಥವಾ ರೋಗ ಬಂದ ಸೋಗೆ. ಮೂರು, ಒಂದು ಅಡಿಕೆ ಅಥವಾ ಒಂದು ಗರಿ ಹತ್ತಿರದಿಂದ, ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇಟ್ಟು. ಕಲೆ ಎಷ್ಟು ದೊಡ್ಡದೆಂದು ನೋಡುವವರಿಗೆ ಗೊತ್ತಾಗುವುದು ಆ ಬೆಂಕಿಪೆಟ್ಟಿಗೆಯಿಂದ. ಆಕಾಶದ ಬೆಳಕಿಗೆ ಎದುರಾಗಿ ನಿಂತು ತೆಗೆದರೆ ಸೋಗೆ ಕಪ್ಪಾಗಿ ಕಾಣುತ್ತದೆ, ಬೆಳಕು ನಿಮ್ಮ ಬೆನ್ನಿಗಿರಲಿ. ಎಲೆಚುಕ್ಕಿ ಎಂಬ ಸಂಶಯವಿದ್ದರೆ ಗರಿಯ ಅಡಿಭಾಗದ್ದೂ ಒಂದು ಇರಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಎಚ್‌ಡಿ ಒತ್ತಿ, ಇಲ್ಲವಾದರೆ ಚಿತ್ರ ಕುಗ್ಗಿ ಚುಕ್ಕಿಯೇ ಮಾಯ.

ಪ್ರಶ್ನೆಯನ್ನು ಬಾಯಲ್ಲಿ ಹೇಳಿ

ಟೈಪ್ ಮಾಡಲು ಕಷ್ಟವಾದರೆ ವಾಯ್ಸ್ ಮೆಸೇಜು ಸಾಕು. ಮರದ ಪ್ರಾಯ, ತಳಿ ಮಂಗಳವೋ ಊರಿನದ್ದೋ, ನೂರರಲ್ಲಿ ಎಷ್ಟು ಮರಕ್ಕೆ ಬಂದಿದೆ, ಯಾವ ವಾರದಿಂದ, ಕೊನೆಯ ಸಲ ಗೊಬ್ಬರ ಮತ್ತು ಮದ್ದು ಯಾವಾಗ ಕೊಟ್ಟದ್ದು, ಕಣಿಯಲ್ಲಿ (ತೋಟದ ಬಸಿಗಾಲುವೆಯಲ್ಲಿ) ನೀರು ನಿಲ್ಲುತ್ತದೋ ಎಂಬಷ್ಟನ್ನು ಹೇಳಿ. ಒಂದು ನಿಮಿಷದೊಳಗೆ ಮುಗಿಯುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಮದ್ದಿನ ಬಾಟಲಿಯಲ್ಲಿ ಇಂಗ್ಲಿಷು. ಗ್ರೂಪಿನಲ್ಲಿ ತುಳುವಿನಲ್ಲೇ ಹೇಳಿದರೂ ನಡೆಯುತ್ತದೆ. ಆದರೆ ಯೂಟ್ಯೂಬಿನಲ್ಲಿ ಹುಡುಕುವಾಗ ಇಲಾಖೆಯವರು ಬಳಸುವ ಹೆಸರು ಬೇಕಾಗುತ್ತದೆ: ಕೊಳೆರೋಗ, ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ. ಬರೀ "ಅಡಿಕೆ ಮರ ಹಳದಿ" ಎಂದು ಕೊಟ್ಟರೆ ಗೊಬ್ಬರ ಮಾರುವವರ ವಿಡಿಯೊಗಳೇ ಮೆರವಣಿಗೆ ಬರುತ್ತವೆ.

ಕೇಳುವುದು ಯಾರನ್ನು? ಗ್ರೂಪು ಇರಲಿ, ಅದು ನೆರೆಕರೆಯ ಮಾತು. ಉಡುಪಿಯವರಿಗೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಮಂಗಳೂರಿನವರಿಗೆ ಕಂಕನಾಡಿಯಲ್ಲಿ. ಅಡಿಕೆಯ ವಿಷಯವಾದರೆ ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ), ಗೇರಿನದ್ದಾದರೆ ಪುತ್ತೂರಿನ ಗೇರು ಸಂಶೋಧನಾಲಯ. ಸ್ಮಾರ್ಟ್‌ಫೋನೇ ಇಲ್ಲದವರಿಗೆ ಕಿಸಾನ್ ಕಾಲ್ ಸೆಂಟರ್: 1800-180-1551, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿ, ಪುಕ್ಕಟೆ. 2004ರಿಂದ ಇರುವ ಈ ನಂಬರು ನಮ್ಮೂರಿನಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ ಎಂಬುದು ನನ್ನ ತಕರಾರು. ಕೀಪ್ಯಾಡ್ ಫೋನು ಸಾಕು. ಸಿಗ್ನಲ್ಲಿಗೆ ಮಾತ್ರ ಗುಡ್ಡೆಯ ಗೇರುಮರದ ಬುಡಕ್ಕೆ ಹೋಗಬೇಕಾದೀತು.

ವಿಡಿಯೊ ನೋಡುವ ಕ್ರಮ

ಇಲ್ಲಿ ನನ್ನದೇ ಪೆಟ್ಟಿನ ಕಥೆ. ಒಂದು ಮಳೆಗಾಲದ ಮುಂಚೆ ಒಂದು ನಿಮಿಷದ ರೀಲ್ಸ್ ನೋಡಿ ಬೋರ್ಡೋ ತಯಾರಿಸಿದೆ. ಅದರಲ್ಲಿ ಮೈಲುತುತ್ತಿನ ನೀರಿಗೆ ಸುಣ್ಣದ ತಿಳಿಯನ್ನು ಬುಡುಬುಡು ಸುರಿದಿದ್ದರು, ನಾನೂ ಸುರಿದೆ. ದ್ರಾವಣ ಹಾಲು ಒಡೆದಂತೆ ಹೆಪ್ಪು ಹೆಪ್ಪಾಯಿತು. ಮರ ಹತ್ತಿದವನು ಮೇಲಿನಿಂದ "ಅಣ್ಣ, ಗನ್ನು ಕಟ್ತಾ ಉಂಟು!" ಎಂದು ಕೂಗಿದ, ಮದ್ದು ಬಿಡುವ ಗನ್ನಿನ ಬಾಯಿ ಕಟ್ಟಿತ್ತು. ಅರ್ಧ ದಿನದ ಕೆಲಸ ನೀರುಪಾಲು, ಮದ್ದನ್ನು ಚೆಲ್ಲಿದ್ದೂ ಆಯಿತು.

ಸರಿಯಾದ ಕ್ರಮ ಹೀಗೆ. 100 ಲೀಟರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಿ, ಕಬ್ಬಿಣದ್ದು ಬೇಡ. ತುತ್ತಿನ ನೀರನ್ನು ಸುಣ್ಣಕ್ಕೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ಕಲಕಬೇಕು, ಅಥವಾ ಎರಡನ್ನೂ ಒಟ್ಟೊಟ್ಟಿಗೆ ಮೂರನೆಯ ಡ್ರಮ್ಮಿಗೆ ಹೊಯ್ಯಬೇಕು. ಆಮೇಲೆ ಮಸೆದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಹತ್ತದಿದ್ದರೆ ಅಂದೇ ಬಿಟ್ಟು ಮುಗಿಸಿ, ನಾಳೆಗೆ ಇಡಬೇಡಿ. ನನ್ನ ಅಜ್ಜನಿಗೆ ಇದಿಷ್ಟೂ ಗೊತ್ತಿತ್ತು. ನಾನು ಅಜ್ಜನನ್ನು ಬಿಟ್ಟು ರೀಲ್ಸ್ ಕೇಳಿದ್ದೆ.

ಅಂದಿನಿಂದ ವಿಡಿಯೊ ತೆರೆದ ಕೂಡಲೇ ಮೂರು ವಿಷಯ ನೋಡುತ್ತೇನೆ. ಯಾವ ಊರಿನದ್ದು? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಬಯಲುಸೀಮೆಯ ಹನಿ ನೀರಾವರಿ ತೋಟದ ಲೆಕ್ಕ ಹೊಂದುವುದಿಲ್ಲ. ಯಾವ ತಿಂಗಳಿನದ್ದು? ಏಣಿಲು (ಮಳೆಗಾಲದ ಮೊದಲ ಭತ್ತ) ಗದ್ದೆಗೆ ಹೇಳಿದ ಮಾತು ಸುಗ್ಗಿ (ಎರಡನೇ) ಬೆಳೆಗೆ ತಾಳೆಯಾಗದು. ಕೊನೆಯಲ್ಲಿ ಏನನ್ನಾದರೂ ಮಾರುತ್ತಾರೋ? ಮಾರಿದರೆ ತಪ್ಪೇನಿಲ್ಲ, ಆದರೆ ಬಾಟಲಿಯ ಮೇಲೆ ನಿಮ್ಮ ಬೆಳೆಯ ಹೆಸರು ಉಂಟೋ ನೋಡಿ. ತ್ರಿಕೋನ ಕೆಂಪಿದ್ದರೆ ಕಡು ವಿಷ, ಅನಂತರ ಹಳದಿ, ನೀಲಿ, ಹಸಿರು. ಚೀಟಿಯ ಇಂಗ್ಲಿಷಿಗೆ ಗೂಗಲ್ ಲೆನ್ಸ್ ಹಿಡಿದರೆ ಕನ್ನಡ ಸಿಗುತ್ತದೆ, ಪ್ರಮಾಣದ ಅಂಕಿಯನ್ನು ಮಾತ್ರ ಮೂಲ ಚೀಟಿಯಲ್ಲೇ ಓದಿ.

ಮಳೆ: ಆ್ಯಪಿನ ಪಕ್ಕದಲ್ಲಿ ಒಂದು ಪುಸ್ತಕ

ಮೇಘದೂತ್ ಆ್ಯಪಿನಲ್ಲಿ ಜಿಲ್ಲೆಯ ಹವಾಮಾನ, ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳೆ ಸಲಹೆ ಬರುತ್ತದೆ. ಸಿಡಿಲಿನ ಮುನ್ಸೂಚನೆಗೆ ದಾಮಿನಿ. ಮರ ಹತ್ತಿಸುವ ದಿನ ಇದನ್ನು ನೋಡದೆ ಹೊರಡಬೇಡಿ. ಆದರೆ ಜಿಲ್ಲೆಯ ಮಳೆ ನಿಮ್ಮ ತೋಟದ ಮಳೆಯಲ್ಲ. ಮಲ್ಪೆಯಲ್ಲಿ ಬಿಸಿಲು ಕಾಯುತ್ತಿರುವಾಗ ಹೆಬ್ರಿಯಲ್ಲಿ ಸುರಿಯುತ್ತಿರುವುದನ್ನು ಬಸ್ಸಿನಲ್ಲಿ ಓಡಾಡುವವರೆಲ್ಲ ಬಲ್ಲರು. ನಮ್ಮ ಕಡೆಯ ಹಲವು ಕೃಷಿಕರ ಅಂಗಳದಲ್ಲಿ ಮಳೆಮಾಪಕವಿದೆ, ದಿನಾ ಬೆಳಗ್ಗೆ ಎಂಟೂವರೆಗೆ ಅಳೆದು ಬರೆಯುವ ಪುಸ್ತಕವೂ ಇದೆ. ಆ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು, ನಿನ್ನೆ ಆ್ಯಪು ಏನು ಹೇಳಿತ್ತು ಎಂದೂ ಬರೆಯಿರಿ. ಒಂದು ಮಳೆಗಾಲ ಕಳೆದರೆ ಆ್ಯಪನ್ನು ಎಷ್ಟು ನಂಬಬೇಕೆಂದು ನಿಮ್ಮದೇ ಲೆಕ್ಕ ಸಿಗುತ್ತದೆ.

ದರ, ಮತ್ತು ಲಿಂಕು

ಶಂಕರಪುರ ಮಲ್ಲಿಗೆಯವರನ್ನು ನೋಡಿ. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುತ್ತಾ ಕೂತ ಹೆಂಗಸರ ಪಕ್ಕದಲ್ಲೇ ಮೊಬೈಲು. ಅಟ್ಟೆಯ (ಕಟ್ಟಿದ ಹೂವಿನ ಅಳತೆ) ದರ ಅಲ್ಲಿಗೇ ಬರುತ್ತದೆ, ಹೂವು ಒಯ್ಯುವವನ ಬಾಯಿಯನ್ನೇ ಕಾಯಬೇಕಾಗಿಲ್ಲ. ಅಡಿಕೆಯಲ್ಲಿ ಇಷ್ಟು ಸರಳವಿಲ್ಲ. ಗ್ರೂಪಿಗೆ ಬರುವ ದರ ಹೊಸತಿನದ್ದೋ, ಹಳತಿನದ್ದೋ, ಅದಕ್ಕೂ ಹಳೆಯ ಡಬ್ಬಲ್ ಚೋಲಿನದ್ದೋ, ಕಳಪೆ ದರ್ಜೆಯ ಪಟೋರದ್ದೋ ಕೇಳಿ. ತಾರೀಖು ಇಲ್ಲದ ದರಪಟ್ಟಿಯನ್ನು ಫಾರ್ವರ್ಡ್ ಮಾಡಬೇಡಿ. ಹೆಚ್ಚಾಗಿ ಹಾಕುವುದು ಆ ದಿನದ ಗರಿಷ್ಠ ದರ, ನಿಮ್ಮ ಗೋಣಿಗೆ ಅದೇ ಸಿಗಬೇಕೆಂದಿಲ್ಲ.

ಪಿಎಂ ಕಿಸಾನ್ ಹೆಸರಿನಲ್ಲಿ ಎಪಿಕೆ ಫೈಲು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು) ಬಂದರೆ ಮುಟ್ಟಬೇಡಿ. ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹತ್ತು ಮರದ ಪರೀಕ್ಷೆ

ಎಷ್ಟೇ ಒಳ್ಳೆಯ ಸಲಹೆ ಬರಲಿ, ಹೊಸತಾದರೆ ಇಡೀ ತೋಟಕ್ಕೆ ಮಾಡಬೇಡಿ. ಹತ್ತು ಮರಕ್ಕೆ ಬಿಳಿ ಪೈಂಟಿನ ಉಂಗುರ ಹಾಕಿ, ಅವಕ್ಕೆ ಮಾತ್ರ ಮಾಡಿ. ಪಕ್ಕದ ಹತ್ತು ಮರಕ್ಕೆ ಮಾಮೂಲಿ ಕ್ರಮವೇ ಇರಲಿ. ಒಂದೇ ದಿನ, ಒಂದೇ ಜಾಗದಲ್ಲಿ ನಿಂತು ಎರಡರದ್ದೂ ಫೋಟೊ ತೆಗೆದು, ಬಿದ್ದ ನಳ್ಳಿ ಎಣಿಸಿ, ಎರಡನ್ನೂ ಗ್ರೂಪಿಗೆ ಹಾಕಿ. ಪ್ರಯೋಜನವಾಗದಿದ್ದರೂ ಹಾಕಿ. ನಮ್ಮ ಗ್ರೂಪಿನಲ್ಲಿ "ನಾನು ಮಾಡಿದೆ, ಆಗಲಿಲ್ಲ" ಎಂದು ಬರೆಯುವವರು ಬಹಳ ಕಡಿಮೆ, ಮತ್ತೊಬ್ಬರ ದುಡ್ಡು ಉಳಿಸುವುದು ಆ ಮೆಸೇಜೇ.

ಇನ್ನೊಂದು ಸಣ್ಣ ಕೆಲಸ. ಮಳೆ ಹಿಡಿಯುವ ಮೊದಲು ಒಂದನೇ ಸಲ ಬೋರ್ಡೋ ಬಿಟ್ಟ ಸಂಜೆಯೇ ಮೊಬೈಲಿನಲ್ಲಿ 40ನೇ ದಿನಕ್ಕೆ ಅಲಾರಂ ಇಡಿ, ಎರಡನೇ ಸಲದ್ದು 45 ದಿನದೊಳಗೆ ಆಗಬೇಕು. ನನ್ನ ಅಲಾರಂ ಹೊಡೆದುಕೊಳ್ಳುವುದು ಆಟಿ ತಿಂಗಳ (ಜುಲೈ ನಡುವಿನಿಂದ) ಆರಂಭಕ್ಕೆ, ಹೆಚ್ಚಿನ ಸಲ ಧೋ ಎಂದು ಮಳೆ ಸುರಿಯುತ್ತಿರುವಾಗಲೇ. ಹತ್ತುವವನಿಗೆ ಫೋನ್ ಮಾಡಿದರೆ, "ಹೊಳವಾದ (ಮಳೆ ಬಿಟ್ಟ) ಕೂಡಲೇ ಬರ್ತೇನೆ ಅಣ್ಣ" ಅನ್ನುತ್ತಾನೆ. ಮೈಲುತುತ್ತನ್ನು ಜಗಲಿಯಲ್ಲಿ ತೂಗಿಟ್ಟು, ಕತ್ತಿ ಮಸೆದು ಕಾಯುತ್ತೇನೆ.