ಹಳೆಯ ಸಂಚಿಕೆಗಳನ್ನು ಸಿಎಂಎಸ್‌ಗೆ ತಂದ ಬಗೆ

ನಾನು ಒಂದು ಸಣ್ಣ ಕೃಷಿ ಮಾಸಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹಳೆಯ ಸಂಚಿಕೆಗಳೆಲ್ಲ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ಸಾಫ್ಟ್‌ವೇರ್‌ನ ಫೈಲ್‌ಗಳು. ಒಂದಷ್ಟು ಸಿಡಿಯಲ್ಲಿ, ಒಂದಷ್ಟು ಡಿಟಿಪಿ ಮಾಡುವವರ ಕಂಪ್ಯೂಟರ್‌ನಲ್ಲಿ. ಮಳೆಗಾಲ ಹತ್ತಿರ ಬಂತೆಂದರೆ ಓದುಗರು ಫೋನ್ ಮಾಡಿ, ‘ಅಡಿಕೆ ಕೊಳೆರೋಗದ ಲೇಖನ ಯಾವ ತಿಂಗಳು ಬಂದಿತ್ತು ಸಾರ್?’ ಎಂದು ಕೇಳುತ್ತಾರೆ. ಕಪಾಟು ತೆಗೆದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಅದಕ್ಕೇ ಎಲ್ಲವನ್ನೂ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್‌ಗೆ, ಅಂದರೆ ಸಿಎಂಎಸ್‌ಗೆ, ತರಲು ಹೊರಟೆವು. ಲೇಖನಗಳನ್ನು ಜೋಡಿಸಿಟ್ಟು, ತಿದ್ದಿ, ಜಾಲತಾಣದಲ್ಲಿ ಪ್ರಕಟಿಸುವ ಸಾಫ್ಟ್‌ವೇರ್ ಅದು. ಆರಿಸಿದ್ದು ವರ್ಡ್‌ಪ್ರೆಸ್. 2003ರಿಂದ ಇದೆ, ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ, ತೊಂದರೆ ಬಂದರೆ ನೋಡಿಕೊಡುವ ಹುಡುಗರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ನಮಗೆ ಅಷ್ಟು ಸಾಕಿತ್ತು.

ಜಾಸ್ತಿ ಸಮಯ ಹಿಡಿದದ್ದು ಅಕ್ಷರದ ಕೆಲಸ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಬದಲಿಸಲೇಬೇಕು. ಪರಿವರ್ತಕಗಳು ಬಹುಪಾಲು ಸರಿಯಾಗಿಯೇ ಮಾಡಿಕೊಡುತ್ತವೆ. ಆದರೆ ಅರ್ಕಾವತ್ತು ನೋಡಿ. ಹಳೆಯ ಫಾಂಟ್‌ನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಹಾಗಾಗಿ ‘ವರ್ಷ’, ‘ಕಾರ್ಯ’ದಂಥ ಪದಗಳ ಮೇಲೆ ಕಣ್ಣಿಟ್ಟೆವು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಪ್ರತಿ ಹಿಡಿದು ಕೇಳುವುದು. ಅಳತೆ ಇರುವ ಕಡೆ ಎರಡೆರಡು ಸಲ. ಉದಾಹರಣೆಗೆ, ಕೊಳೆರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಇಲ್ಲೊಂದು ಅಂಕಿ ಹೆಚ್ಚುಕಡಿಮೆಯಾದರೆ ನಮ್ಮನ್ನು ನಂಬಿದವರ ತೋಟಕ್ಕೆ ಪೆಟ್ಟು, ಅಲ್ವಾ?

ಲೇಖನದ ವೆಬ್ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡುತ್ತೇವೆ. ವರ್ಡ್‌ಪ್ರೆಸ್ ಅದಕ್ಕೆ 200 ಅಕ್ಷರದ ಜಾಗ ಇಟ್ಟಿದೆ. ಕನ್ನಡದ ಒಂದೊಂದು ಸಂಕೇತವೂ, ಕಾಗುಣಿತದ ಚಿಹ್ನೆ ಕೂಡ, ಅಲ್ಲಿ 9 ಅಕ್ಷರದ ಜಾಗ ತಿನ್ನುತ್ತದೆ. ಉದ್ದದ ಶೀರ್ಷಿಕೆ ಮಧ್ಯದಲ್ಲೇ ತುಂಡಾಗುತ್ತದೆ.

ಇನ್ನು ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು. ಪ್ರತಿ ಲೇಖನಕ್ಕೂ ಬೆಳೆ, ಜಿಲ್ಲೆ, ಹಂಗಾಮು, ಅಚ್ಚಾದ ತಿಂಗಳು, ಹೇಳಿರುವ ಔಷಧ ಎಂದು ಬೇರೆ ಬೇರೆ ಕಾಲಂ ಮಾಡಿದೆವು. ಔಷಧದ ಹೆಸರನ್ನು ಟೈಪ್ ಮಾಡುವಂತಿಲ್ಲ, ಪಟ್ಟಿಯಿಂದಲೇ ಆರಿಸಬೇಕು. ಇಲ್ಲದಿದ್ದರೆ ಒಬ್ಬರು ಎಂಡೋಸಲ್ಫಾನ್, ಇನ್ನೊಬ್ಬರು ಎಂಡೊಸಲ್ಫಾನ್ ಎಂದು ಬರೆದು ಹುಡುಕುವಾಗ ಅರ್ಧ ಸಿಗುವುದಿಲ್ಲ. ಸುಮ್ನೆ ಕೆಲಸ ಹೆಚ್ಚಿಸುತ್ತೀರಿ ಎಂದು ಕಚೇರಿಯಲ್ಲಿ ಗೊಣಗಾಟವೂ ಆಯಿತು. ಆದರೆ ಎಂಡೋಸಲ್ಫಾನ್ ಉದಾಹರಣೆಯನ್ನೇ ತೆಗೆದುಕೊಳ್ಳಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಊರುಗಳು ಅನುಭವಿಸಿದ ಕಷ್ಟ ನಮ್ಮ ಓದುಗರಿಗೆ ಗೊತ್ತೇ ಇದೆ. ಅದಕ್ಕೂ ಹಿಂದಿನ ಸಂಚಿಕೆಗಳಲ್ಲಿ ಇದನ್ನು ಸಿಂಪಡಿಸಿ ಎಂಬ ಸಲಹೆ ಅಲ್ಲಲ್ಲಿ ಇತ್ತು. ಈಗ ಔಷಧದ ಕಾಲಂನಲ್ಲಿ ಆ ಹೆಸರು ಇದ್ದರೆ ಸಾಕು, ಲೇಖನದ ಮೇಲ್ಭಾಗದಲ್ಲಿ ‘ಇದು ನಿಷೇಧಿತ, ಬಳಸಬೇಡಿ’ ಎಂದು ಕೆಂಪಕ್ಷರದಲ್ಲಿ ತಾನಾಗಿ ಬರುತ್ತದೆ. ಮೂಲ ಲೇಖನವನ್ನು ಮುಟ್ಟಿಲ್ಲ, ಅದು ಆ ಕಾಲದ ದಾಖಲೆ. ಮುಂದೆ ಯಾವ ಔಷಧ ನಿಷೇಧವಾದರೂ ಪಟ್ಟಿಯಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು. ಮನೆಮನೆ ಸೇರಿದ ಕಾಗದದ ಪ್ರತಿಗಳಿಗೆ ಹೀಗೆ ಮಾಡಲು ಆಗುತ್ತಿತ್ತೇ? ಸಿಎಂಎಸ್ ಬೇಕೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ನಮಗೆ ಬರೆಯುವವರಲ್ಲಿ ಹಲವರು ರೈತರು. ಅವರಿಗೆ ಕಾಂಟ್ರಿಬ್ಯೂಟರ್ ಲಾಗಿನ್ ಕೊಟ್ಟಿದ್ದೇವೆ. ಬರೆದು ಕಳಿಸಬಹುದು, ಪ್ರಕಟಿಸುವುದು ಸಂಪಾದಕರು. ಆ ಲಾಗಿನ್‌ನಲ್ಲಿ ಫೋಟೊ ಏರಿಸಲು ಆಗುವುದಿಲ್ಲ, ಅದು ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ‘ನನ್ನ ಆ ವಾಕ್ಯ ಯಾಕೆ ತೆಗೆದಿರಿ?’ ಎಂದು ಹಿರಿಯರೊಬ್ಬರು ಕೇಳಿದಾಗ ಹಿಂದಿನ ಆವೃತ್ತಿ ತೆರೆದು ನೋಡಿ, ವಾಕ್ಯವನ್ನು ಮತ್ತೆ ಸೇರಿಸಿದೆವು. ಯಾರು, ಯಾವಾಗ, ಏನು ಬದಲಿಸಿದರು ಎನ್ನುವುದೆಲ್ಲ ಅಲ್ಲಿ ಉಳಿದಿರುತ್ತದೆ.

ಈಗ ಹಳೆಯ ಫೋಟೊಗಳ ಸರದಿ. ಯಾವ ಬೆಳೆ, ಯಾವ ರೋಗ, ತೆಗೆದವರು ಯಾರು ಎಂದು ಒಂದೊಂದಕ್ಕೂ ಬರೆಯುತ್ತಿದ್ದೇವೆ. ರೋಗ ಯಾವುದೆಂದು ಖಚಿತವಾಗದ ಚಿತ್ರಗಳನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದ ಮೇಲೆಯೇ ಲೇಖನಕ್ಕೆ ಸೇರಿಸುತ್ತೇವೆ.