ಪೈಪಿನ ಮೇಲಿನ ಜರೀಗಿಡ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹಿಂದೆ ಹಳೆಯ ಪೈಪೊಂದಿದೆ. ಜೂನ್ ಮುಗಿಯುವ ಹೊತ್ತಿಗೆ ಅದರ ಬಿರುಕಿನಿಂದ ಜರೀಗಿಡ ಏಳುತ್ತದೆ. ಅದರ ಹೆಸರು ಹುಡುಕಲು ಹೋಗಿಯೇ ನನಗೆ ಈ ಹುಚ್ಚು ಹಿಡಿದದ್ದು. ಎರಡು ಮಳೆಗಾಲ ಅದನ್ನು ಡ್ರಯಾಪ್ಟೆರಿಸ್ ಕುಲದ್ದು ಅಂತಲೇ ಬರೆದಿಟ್ಟಿದ್ದೆ. ಎಲೆಯ ಹಿಂದಿನ ಬೀಜಕಣದ ಚುಕ್ಕೆಗಳ ಮೇಲೆ ಗೋಡಂಬಿ ಆಕಾರದ ಪುಟ್ಟ ಮುಚ್ಚಳ ಇತ್ತು, ಡ್ರಯಾಪ್ಟೆರಿಸ್ ಚಿತ್ರದಲ್ಲೂ ಹಾಗೇ ಇತ್ತು. ಸಾಕಲ್ವಾ ಅಂದುಕೊಂಡೆ.

ಅಷ್ಟರಲ್ಲಿ ಮೂವತ್ತು ಎಲೆ ಒಣಗಿಸಿ ಹಳೆ ಪೇಪರಿನ ನಡುವೆ ಇಟ್ಟಿದ್ದೆ. ಪರಿಚಯದ ಸಸ್ಯಶಾಸ್ತ್ರದ ಮೇಡಂ ಒಬ್ಬರಿಗೆ ತೋರಿಸಿದೆ. ಧಾರವಾಡದವರು. ಒಂದೊಂದೇ ಹಾಳೆ ಮಗುಚಿ, "ಬುಡಾ ಎಲ್ಲದ ರೀ? ಕಾಲು ಬಿಟ್ಟು ಬರೇ ತಲಿ ತಂದೀರಲ್ಲ" ಅಂದರು. ನಿಜ. ಎಲ್ಲವನ್ನೂ ತೊಟ್ಟಿನ ಅರ್ಧಕ್ಕೆ ಕತ್ತರಿಸಿದ್ದೆ. ಜರೀಗಿಡ ಗುರುತಿಸಲು ಬೇಕಾದ ಹುರುಪೆ ಇರುವುದೇ ತೊಟ್ಟಿನ ಬುಡದಲ್ಲಿ ಮತ್ತು ರೈಜೋಮಿನ, ಅಂದರೆ ಬೇರಿನಂತೆ ಕಾಣುವ ಕಾಂಡದ ಮೇಲೆ. ಮೀನಿನ ಹುರುಪೆಯಷ್ಟು ಗಟ್ಟಿ ಇರುವುದಿಲ್ಲ, ಈರುಳ್ಳಿ ಸಿಪ್ಪೆಯಂಥ ತೆಳು ಚೂರುಗಳು. ಮೂವತ್ತೂ ಹಾಳೆ ದಂಡ.

ಮನೆಗೆ ಬಂದು ಪೈಪಿನ ಗಿಡದ ಒಂದು ತೊಟ್ಟನ್ನು ಬುಡದವರೆಗೂ ತೆಗೆದೆ. ಹುರುಪೆ ನಾಲ್ಕೈದು ಮಾತ್ರ. ಡ್ರಯಾಪ್ಟೆರಿಸ್ ಆಗಿದ್ದರೆ ಬುಡದಲ್ಲಿ ಕಂದು ಹುರುಪೆ ದಟ್ಟವಾಗಿರಬೇಕಿತ್ತು. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು, ಎಲೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ನಡುದಂಟಿನ ಉದ್ದಕ್ಕೂ ಸೂಜಿಯಂಥ ಬಿಳಿ ಕೂದಲು ಮಿಂಚಿದವು. ಎರಡು ವರ್ಷ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಮೇಲೆ ನರ ನೋಡಿದೆ. ಎಲೆಯಂಚಿನ ಅಕ್ಕಪಕ್ಕದ ಎರಡು ಹಲ್ಲುಗಳ ಕೆಳಗಿನ ನರಗಳು ಒಂದಕ್ಕೊಂದು ಕೂಡಿ, ಒಂದೇ ಗೆರೆಯಾಗಿ ಹಲ್ಲುಗಳ ನಡುವಿನ ಸಂದಿಗೆ ಹೋಗುತ್ತಿದ್ದವು. ಕೊನೆಗೆ ಬ್ಲೇಡಿನಿಂದ ತೊಟ್ಟಿನ ಬುಡವನ್ನು ಅಡ್ಡ ಕೊಯ್ದರೆ ನೀರು ಸಾಗಿಸುವ ಎರಡೇ ಎರಡು ನಾಳಗಳು, ಎದುರುಬದುರು ಕೂತ ಎರಡು ಪಟ್ಟಿ. ಡ್ರಯಾಪ್ಟೆರಿಸ್‌ನಲ್ಲಿ ಇವು ಎರಡಕ್ಕಿಂತ ಜಾಸ್ತಿ, ಕಮಾನಿನಂತೆ ಸಾಲಾಗಿ ಇರುತ್ತವೆ. ಹಾಗಾಗಿ ನಮ್ಮದು ಕ್ರಿಸ್ಟೆಲ್ಲಾ ಅನ್ನುವ ಬೇರೆಯೇ ಕುಲ. ಹಿಂದಿನ ಸಸ್ಯಶಾಸ್ತ್ರಜ್ಞರೂ ಇದನ್ನು ಡ್ರಯಾಪ್ಟೆರಿಸ್ ಜೊತೆಗೇ ಸೇರಿಸಿದ್ದರು ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ಪಾಠ ಮುಂಬೈ ಹತ್ತಿರದ ಗಿರಿಧಾಮ ಮಾಥೆರಾನ್‌ನಲ್ಲಿ ಆಯಿತು. ಕರ್ಜತ್ ಲೋಕಲ್ ಹಿಡಿದು ನೇರಳ್, ಅಲ್ಲಿಂದ ಟ್ಯಾಕ್ಸಿ, ದಸ್ತೂರಿ ನಾಕಾ ದಾಟಿದ ಮೇಲೆ ನಡಿಗೆ. ದಾರಿಯ ಪಕ್ಕದ ಕೆಂಪು ಕಲ್ಲಿನ ಸಂದಿಯಲ್ಲಿ ಹಿಂಬದಿ ಬೆಳ್ಳಗಿದ್ದ ಪುಟ್ಟ ಜರೀಗಿಡ ಕಂಡಿತು. ಪುತ್ತೂರಿನ ನಮ್ಮ ತೋಟದ ಕಣಿ ಬದಿಯಲ್ಲಿ ಬೆಳೆಯುತ್ತಿದ್ದ ಗಿಡವೇ ಇದು ಅಂದುಕೊಂಡೆ. ಚಿಕ್ಕವರಿದ್ದಾಗ ಅದರ ಎಲೆಯನ್ನು ಕೈ ಮೇಲೆ ಒತ್ತಿ ಬಿಳಿ ಅಚ್ಚು ಹಾಕಿಕೊಳ್ಳುತ್ತಿದ್ದೆವು. ಆದರೆ ಊರಿನದು ಪಿಟಿರೊಗ್ರಾಮಾ, ಮೂಲ ಅಮೆರಿಕದ ಉಷ್ಣವಲಯ. ಅದರ ಬೀಜಕಣಗಳು ನರಗಳ ಉದ್ದಕ್ಕೂ ಹರಡಿರುತ್ತವೆ, ಮೇಲೆ ಮುಚ್ಚಳ ಇಲ್ಲ. ಮಾಥೆರಾನಿನದರಲ್ಲಿ ಅವು ಅಂಚಿಗೇ ಅಂಟಿಕೊಂಡಿದ್ದವು, ಎಲೆಯಂಚು ಮಡಚಿ ಅವನ್ನು ಮುಚ್ಚಿತ್ತು. ಅದು ಅಲ್ಯೂರಿಟಾಪ್ಟೆರಿಸ್. ಬಿಳಿ ಪುಡಿ ಎರಡಕ್ಕೂ ಇದೆ, ಬರೇ ಅದನ್ನು ನಂಬಿದರೆ ಮೋಸ ಹೋಗುತ್ತೀರಿ. ಅಲ್ಯೂರಿಟಾಪ್ಟೆರಿಸ್ ಗುಂಪಿನೊಳಗೆ ಜಾತಿ ಬೇರ್ಪಡಿಸಲು ಮತ್ತೆ ಹುರುಪೆಯೇ ಬೇಕು. ಇಡೀ ಹುರುಪೆ ಒಂದೇ ಬಣ್ಣವೋ, ನಡುವೆ ಕಪ್ಪು ಪಟ್ಟಿ ಇದ್ದು ಅಂಚು ತಿಳಿಯೋ? ಅಲ್ಲಿ ಗಿಡ ಕೀಳಲಿಲ್ಲ. ನೆಲಕ್ಕೆ ಬಗ್ಗಿ ಲೆನ್ಸಿನಲ್ಲೇ ನೋಡಿದೆ. ಮೊಣಕಾಲು ಕೆಸರು, ಹೋಗುವವರಿಗೆ ನಗು.

ಮುದಿ ಎಲೆಯ ತೊಟ್ಟಿನಲ್ಲಿ ಹುರುಪೆ ಉದುರಿ ಹೋಗಿರುತ್ತದೆ. ಅದನ್ನು ನೋಡಿ ಇಲ್ಲ ಅಂತ ಬರೆದುಕೊಳ್ಳಬೇಡಿ, ಸುರುಳಿ ಬಿಚ್ಚದ ಎಳೆ ಎಲೆ ಹುಡುಕಿ. ಮೇಡಂ ಹತ್ತಿರ ಮೈಕ್ರೋಸ್ಕೋಪ್ ಇದೆ. ಒಂದು ಹನಿ ನೀರಲ್ಲಿ ಲೆಪಿಸೋರಸ್ ಅನ್ನುವ ಇನ್ನೊಂದು ಜರೀಗಿಡದ ಹುರುಪೆ ಇಟ್ಟು ತೋರಿಸಿದರು. ಥೇಟ್ ನಮ್ಮ ಅಡುಗೆಮನೆಯ ಸೊಳ್ಳೆ ಜಾಲರಿ! ಜೀವಕೋಶಗಳ ಗೋಡೆ ಕಪ್ಪು, ಒಳಗೆಲ್ಲ ಪಾರದರ್ಶಕ. ಆಸ್ಪ್ಲೇನಿಯಂ ಅನ್ನುವ ಜರೀಗಿಡದಲ್ಲೂ ಹೀಗೇ ಇರುತ್ತದೆ. ಕ್ರಿಸ್ಟೆಲ್ಲಾದ ಹುರುಪೆಯಲ್ಲಿ ಈ ಜಾಲರಿ ಇಲ್ಲ.

ಪೈಪಿನದು ಯಾವ ಕ್ರಿಸ್ಟೆಲ್ಲಾ ಅನ್ನುವುದು ಮಾತ್ರ ಬಾಕಿ. ಡೆಂಟಾಟಾ ಆದರೆ ಬುಡದ ಕಿರುಎಲೆಗಳು ಕೆಳಕ್ಕೆ ಬರುತ್ತಾ ಚಿಕ್ಕದಾಗುತ್ತವೆ. ಪ್ಯಾರಾಸಿಟಿಕಾ ಆದರೆ ಹಿಂಬದಿಯ ನರಗಳ ಮೇಲೆ ಕಿತ್ತಳೆ ಬಣ್ಣದ ಗ್ರಂಥಿಗಳಿರುತ್ತವೆ. ಅದನ್ನು ನೋಡೋಣ ಅಂತ ಹೋದ ಭಾನುವಾರ ಲೆನ್ಸ್ ಒರೆಸಿ ಇಳಿದರೆ, ಸೊಸೈಟಿಯ ಪ್ಲಂಬರ್ ಎಲ್ಲ ಕೆರೆದು ಹಾಕಿದ್ದ. ರೈಜೋಮ್ ಮಾತ್ರ ಬಿರುಕಿನೊಳಗೆ ಉಳಿದಿತ್ತು. ನಿನ್ನೆ ನೋಡಿದೆ, ಎರಡು ಸುರುಳಿ ಎದ್ದಿವೆ.